ಸ್ವರ ಕೆಟ್ಟರೆ ಕೆಡುವುದು ಅರ್ಥ

ಮಾನ್ಯ ಸಂಪಾದಕರೇ,

ಶಾಸ್ತ್ರದ ಅಕ್ಷರವೇ ಪ್ರಮಾಣ, ಅದಕ್ಕೆ ಅರ್ಥ ಹುಡುಕಹೊರಡುವುದು ಅಧಿಕಪ್ರಸಂಗ ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಅವರ ಶ್ರದ್ಧೆಗೆ ನನ್ನ ಗೌರವವಿದೆ. ಮಾತನ್ನು ಮಾತ್ರ ಒಪ್ಪಲಾರೆ.

ಶೃಂಗೇರಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಅಜ್ಜ ಅಣ್ಣನಿಗೆ ವೇದಪಾಠ ಹೇಳುತ್ತಿದ್ದರು. ದನಿ ತಗ್ಗಿಸಬೇಕಾದ ಅನುದಾತ್ತ ಬಂದರೆ ಅವನ ತಲೆ ಹಿಡಿದು ತಗ್ಗಿಸುವರು, ದನಿ ಏರಿಸಬೇಕಾದ ಸ್ವರಿತಕ್ಕೆ ಎತ್ತುವರು. ಹೆಣ್ಣುಮಗಳು ನಾನು, ಹೊಸಿಲ ಈಚೆ ಅಡಕೆ ಸುಲಿಯುತ್ತ ಕೇಳುತ್ತಿದ್ದೆ. ಸ್ವರ ತಪ್ಪಿದಾಗಲೆಲ್ಲ ತ್ವಷ್ಟೃವಿನ ಕಥೆ ಬರುತ್ತಿತ್ತು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೋಮ ಮಾಡಿ ‘ಇಂದ್ರಶತ್ರು ಬೆಳೆಯಲಿ’ ಎಂದ. ಸ್ವರ ಪದದ ಕೊನೆಯಲ್ಲಿ ಏರಿದ್ದರೆ ಅದು ‘ಇಂದ್ರನನ್ನು ಕೊಲ್ಲುವವನು’ ಎಂದಾಗುತ್ತಿತ್ತು. ಮೊದಲಲ್ಲೇ ಏರಿತು, ‘ಇಂದ್ರನಿಂದ ಸಾಯುವವನು’ ಎಂದಾಯಿತು. ವೃತ್ರ ಹುಟ್ಟಿದ, ಇಂದ್ರನ ಕೈಯಲ್ಲೇ ಸತ್ತ. ಅಕ್ಷರದ ಪರ ಇರುವವರು ಈ ಕಥೆಯನ್ನು ತಮ್ಮದೆಂದೇ ಹೇಳುತ್ತಾರೆ. ಆದರೆ ಅನಾಹುತವಾದದ್ದು ಅರ್ಥ ತಿರುಗುಮುರುಗಾದದ್ದರಿಂದ ತಾನೆ? ಅಜ್ಜ ಅಷ್ಟು ಕಟ್ಟುನಿಟ್ಟಾಗಿ ಸ್ವರ ಕಾಯುತ್ತಿದ್ದುದೂ ಅದಕ್ಕೇ.

ವೇದ ಓದಿಯೂ ಅರ್ಥ ತಿಳಿಯದವನು ಹೊರೆ ಹೊತ್ತ ಕಂಬ ಎಂಬ ಮಾತು ವೇದದ ಪದಗಳಿಗೆ ಅರ್ಥ ಹೇಳುವ ಪ್ರಾಚೀನ ಗ್ರಂಥವಾದ ಯಾಸ್ಕರ ನಿರುಕ್ತದಲ್ಲೇ ಇದೆ. ಶಂಕರಾಚಾರ್ಯರಂತೂ ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕದ ಭಾಷ್ಯದಲ್ಲಿ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು, ಎಂದರೆ ವೇದವಾಕ್ಯಗಳು, ಹೇಳಿದರೂ ಅದು ಪ್ರಮಾಣವಾಗದು, ಹಾಗೆ ಹೇಳಿದ್ದರೆ ಶ್ರುತಿಯ ಅಭಿಪ್ರಾಯ ಬೇರೆಯೇ ಇದೆಯೆಂದು ತಿಳಿಯಬೇಕು ಎನ್ನುತ್ತಾರೆ. ಶ್ರುತಿಗಾಗಿಯೇ ಬದುಕಿದವರ ಮಾತಿದು. ಅವರ ಹೆಸರು ಹೇಳಿಕೊಳ್ಳುವ ನಮ್ಮ ಜಿಲ್ಲೆಯಲ್ಲೇ ಇದನ್ನು ನೆನಪಿಸಬೇಕಾಗಿ ಬಂದದ್ದು ನನಗೆ ನೋವು ತಂದಿದೆ.

ಅಣ್ಣನ ಮಗಳ ಮದುವೆ ಹಾಸನದಲ್ಲಿ ಆಯಿತು. ಧಾರೆಯ ಹೊತ್ತಿಗೆ 80 ದಾಟಿದ ನನ್ನ ಅಮ್ಮ ಅಕ್ಷತೆ ಹಿಡಿದು ಮಂಟಪದ ಹತ್ತಿರ ಬಂದರು. ‘ಅಮ್ಮಾ, ನೀವು ಹಿಂದೆ ಇರಿ, ಶಾಸ್ತ್ರ’ ಎಂದರು ಹಿರಿಯರೊಬ್ಬರು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಯಾವ ಗ್ರಂಥದಲ್ಲಿದೆ ಎಂದು ಕೇಳಿದೆ. ‘ಹಿಂದಿನಿಂದ ಬಂದಿದ್ದು’ ಎಂದರು. ಅಲ್ಲಿ ಅಕ್ಷರವೂ ಇರಲಿಲ್ಲ, ಅರ್ಥವೂ ಇರಲಿಲ್ಲ. ಅಮ್ಮ ಮುಷ್ಟಿ ಬಿಡಿಸಿದಾಗ ಅಂಗೈ ತುಂಬ ಅರಿಶಿನ, ಬೆವರಿಗೆ ಅಕ್ಕಿ ಅಂಟಿಕೊಂಡಿತ್ತು.

ಶಾಸ್ತ್ರ ಎನ್ನುವವರು ಎಲ್ಲಿದೆ ಎಂದು ತೋರಿಸಲಿ, ಏನು ಹೇಳುತ್ತದೆ ಎಂದು ಕನ್ನಡದಲ್ಲಿ ತಿಳಿಸಲಿ. ಪುರೋಹಿತರಲ್ಲಿಯೂ ನನ್ನ ವಿನಂತಿ ಇಷ್ಟೇ. ಅಂದು ಸಪ್ತಪದಿಯ ‘ಸಖಾ ಸಪ್ತಪದೀ ಭವ’ ಓಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಏಳು ಹೆಜ್ಜೆ ಜೊತೆಗೆ ಇಟ್ಟಾಯಿತು, ಇನ್ನು ಗೆಳತಿಯಾಗು ಎಂದು ಅದರ ಅರ್ಥವೆಂದು ಸಂಜೆ ಮದುಮಗಳಿಗೆ ಹೇಳಿದೆ. ‘ಅತ್ತೆ, ಇದನ್ನ ಆಗಲೇ ಯಾಕೆ ಯಾರೂ ಹೇಳಲಿಲ್ಲ?’ ಎಂದಳು.

– ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು