ಫಾರ್ಮ್ ಕ್ರಾಫ್ಟಿಗೆ ನಮ್ಮ ಗದ್ದೆಯ ಬೈಹುಲ್ಲು ಸಾಕಲ್ವಾ?

ಮಾನ್ಯ ಸಂಪಾದಕರೇ,

ನನ್ನ ಮಗಳು ಒಂದನೇ ಕ್ಲಾಸು. ಮೊನ್ನೆ ಶಾಲೆಯ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂತು, ಸೋಮವಾರ ಎಲ್ಲ ಮಕ್ಕಳು ಒಂದು ಫಾರ್ಮ್ ಮಾಡೆಲ್ ತರ್ಬೇಕು ಅಂತ, ಜೊತೆಗೆ ಒಂದು ಫೋಟೋ ಕೂಡ ಹಾಕಿದ್ರು, ಅದ್ರಲ್ಲಿ ಕೆಂಪು ಪೇಂಟಿನ ದೊಡ್ಡ ಕೊಟ್ಟಿಗೆ, ಹತ್ತಿ ಅಂಟಿಸಿದ ಕುರಿ, ಬಿಳಿ ಬೇಲಿ. ಆದಿತ್ಯವಾರ ಸ್ಟೇಷನರಿ ಅಂಗಡಿಗೆ ಹೋದ್ರೆ ಅಲ್ಲಿ ನಮ್ಮ ಕ್ಲಾಸಿನದ್ದೇ ನಾಲ್ಕು ಅಮ್ಮಂದಿರು, ಎಲ್ಲರ ಕೈಯಲ್ಲೂ ಥರ್ಮಾಕೋಲ್, ಗ್ಲಿಟರ್ ಶೀಟ್, ಗ್ಲೂ ಗನ್. ರಾತ್ರಿ ಹತ್ತೂವರೆಗೆ ಕುರಿಗೆ ಹತ್ತಿ ಅಂಟಿಸ್ತಾ ಇದ್ದದ್ದು ನಾನು, ಮಗಳು ಆಗ್ಲೇ ಮಲಗಿ ಆಗಿತ್ತು.

ನನಗೆ ಬೇಜಾರಾದದ್ದು ಎಂತಕ್ಕೆ ಅಂದ್ರೆ ಆ ಶಾಲೆಯ ಕಂಪೌಂಡಿನ ಆಚೆಯೇ ಗದ್ದೆ ಉಂಟು, ಏಣೆಲು, ಅಂದ್ರೆ ಮಳೆಗಾಲದ ಭತ್ತದ ಬೆಳೆ, ಹಣ್ಣಾಗಿ ನಿಂತಿದೆ, ಕಟಾವು ಮೆಷಿನ್ ಬಂದ್ರೆ ಮಕ್ಕಳಿಗೆ ಕಿಟಕಿಯಿಂದಲೇ ಕಾಣ್ತದೆ. ಕುರಿ ಸಾಕುವವರು ನಮ್ಮ ಊರಲ್ಲಿ ಒಬ್ಬರೂ ಇಲ್ಲ. ಮತ್ತೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರು ಅದೇ ಗ್ರೂಪಲ್ಲಿ ಇದ್ದಾರೆ, ಅವರಿಗೆ ಗ್ಲೂ ಗನ್ ತನ್ನಿ ಅಂತ ಹೇಳುದು ಸರಿಯಾ?

ಕಳೆದ ಶನಿವಾರ ನಮ್ಮ ಅತ್ತೆ ಜಗಲಿಯಲ್ಲಿ ಮಗಳನ್ನೂ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡ್ರು. ತೋಟದಲ್ಲಿ ಉದುರಿದ ತೆಂಗಿನ ಮಿಡಿಗೆ ನಾಲ್ಕು ಹಿಡಿಸೂಡಿ ಕಡ್ಡಿ ಚುಚ್ಚಿದ್ರು, ದನ ಆಯ್ತು, ಹಲಸಿನ ಎಲೆ ಹರಿದು ಕಿವಿ ಮಾಡಿದ್ರು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಹಾಕಿದ ಮೇಲೆ ಅದು ಬಟ್ಟೆಯ ಹಾಗೆ ಬಗ್ತದೆ, ಅದ್ರಲ್ಲಿ ಗೊಂಬೆಗೆ ಹಾಕುವಷ್ಟು ಸಣ್ಣ ಮುಟ್ಟಾಳೆ, ಅಂದ್ರೆ ಹಾಳೆಯ ಟೊಪ್ಪಿ. ಆದ್ರೆ ಮಕ್ಕಳಿಗೆ ಎಲ್ಲಕ್ಕಿಂತ ಖುಷಿ ಆದದ್ದು ಅಕ್ಕಿ ಮುಡಿ, ಅಂದ್ರೆ ಹಿಂದೆ ಅಕ್ಕಿ ತುಂಬಿಸಿ ಇಡ್ತಾ ಇದ್ದ ಬೈಹುಲ್ಲಿನ ಉರುಟು ಕಟ್ಟು. ಬೈಹುಲ್ಲನ್ನು ಸುತ್ತ ಹರಡಿ, ನಡುವಿಗೆ ಒಂದು ಮುಷ್ಟಿ ಕುಚ್ಚಲಕ್ಕಿ ಸುರಿದು, ಹುಲ್ಲಿನ ತುದಿಯನ್ನೆಲ್ಲ ಮೇಲೆ ತಂದು ಕಟ್ಟಿ, ಮತ್ತೆ ಹುಲ್ಲಿನದ್ದೇ ಹಗ್ಗ ಹೊಸೆದು ಸುತ್ತುದು, ಸುತ್ತುವಾಗ ಸಣ್ಣ ಕೋಲಲ್ಲಿ ತಟ್ಟಿ ತಟ್ಟಿ ಉರುಟು ಮಾಡುದು. ಮಗಳು ಕಟ್ಟಿದ್ದು ಮೂರು ಸಲ ಬಿಚ್ಚಿ ಹೋಯ್ತು, ಜಗಲಿ ತುಂಬ ಅಕ್ಕಿ, ನಾಲ್ಕನೇ ಸಲ ನಿಂತಿತು, ಅವಳು ಅದನ್ನು ದಿಂಬಿನ ಹತ್ತಿರ ಇಟ್ಟುಕೊಂಡೇ ಮಲಗಿದ್ಲು. ಒಂದು ಮುಡಿ ಅಂದ್ರೆ 42 ಸೇರು, 1974ರ ಭೂಸುಧಾರಣೆಯ ಮೊದಲು ಗೇಣಿ ಕೊಡ್ತಾ ಇದ್ದದ್ದು ಈ ಮುಡಿ ಲೆಕ್ಕದಲ್ಲಿ ಅಂತ ಅತ್ತೆ ಹೇಳಿದ್ದನ್ನು ಅವಳು ಈಗ ಮನೆಗೆ ಬಂದವರಿಗೆಲ್ಲ ಹೇಳ್ತಾಳೆ.

ಟೀಚರ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಸಿಗುವ ವರ್ಕ್‌ಬುಕ್ಕೇ ಹಾಗೆ ಇರ್ತದೆ. ಆದ್ರೆ ಕ್ರೈಸ್ತರ ತೆನೆ ಹಬ್ಬವಾದ ಮೊಂತಿ ಫೆಸ್ಟಿಗೆ ಇಗರ್ಜಿಯಲ್ಲಿ ತೆನೆ ಕೊಡ್ತಾರೆ, ಕೊರಲ್ (ತುಳುವಲ್ಲಿ ತೆನೆ) ಕಟ್ಟುವ ದಿನ ನಮ್ಮ ಮನೆಗಳಲ್ಲಿ ಬಾಗಿಲಿಗೆ ತೆನೆ ಕಟ್ತಾರೆ, ಭತ್ತದ ತೆನೆ ಎಂತ ಅಂತ ಇಲ್ಲಿಯ ಮಕ್ಕಳಿಗೆ ಹೊಸತಾಗಿ ತೋರಿಸ್ಬೇಕಾಗಿಯೇ ಇಲ್ಲ. ಮಂಗಳೂರಿನ ಫ್ಲಾಟಲ್ಲಿ ಇರುವವರಿಗೆ ಬೈಹುಲ್ಲು ಎಲ್ಲಿಂದ ಅಂತ ಕೇಳ್ಬಹುದು, ಅವರು ಭತ್ತವನ್ನು ಒಂದು ರಾತ್ರಿ ನೆನೆಹಾಕಿ ಗೆರಟೆಯಲ್ಲಿ ಮಣ್ಣು ತುಂಬಿಸಿ ಬಿತ್ತಲಿ, ಒಂದು ವಾರದಲ್ಲಿ ಬಾಲ್ಕನಿಯಲ್ಲಿ ಹಸಿರು ಕಾಣ್ತದೆ. ಹುರುಳಿ, ಉದ್ದು, ಹೆಸರು ಅಂಟಿಸಿ ಚಿತ್ರ ಮಾಡುದೂ ಒಳ್ಳೇದು, ಆದ್ರೆ ಎಲ್‌ಕೆಜಿಗಿಂತ ಸಣ್ಣ ಮಕ್ಕಳ ಕೈಗೆ ಕಾಳು ಕೊಡ್ಬೇಡಿ, ಮೂಗಿಗೆ ಬಾಯಿಗೆ ಹಾಕ್ತಾರೆ. ಇನ್ನೊಂದು ಮಾತು, ಚಂದ ಕಾಣ್ತದೆ ಅಂತ ಗುಲಗಂಜಿ ಮಾತ್ರ ಯಾರೂ ತರ್ಬೇಡಿ, ಅದು ವಿಷ, ಜಗಿದ್ರೆ ಜೀವಕ್ಕೇ ಅಪಾಯ.

ಮಾಡೆಲ್ ಮನೆಗೆ ಕೊಡ್ಲೇಬೇಡಿ ಅಂತ ನನ್ನ ವಿನಂತಿ. ಕ್ಲಾಸಲ್ಲೇ ಮಾಡಿಸಿ, ದನದ ಕಾಲು ಸೊಟ್ಟ ಆದ್ರೆ ಸೊಟ್ಟವೇ ಇರ್ಲಿ, ಅದಕ್ಕೆ ಮಾರ್ಕ್ಸು ಪ್ರೈಜು ಎಂತದೂ ಬೇಡ. ಒಂದು ದಿನ ಯಾರದ್ದಾದ್ರೂ ಅಜ್ಜಿಯನ್ನೋ ಅಜ್ಜನನ್ನೋ ಶಾಲೆಗೆ ಕರೆದು ಹಗ್ಗ ಹೊಸೆಯಲು ಹೇಳಿ. ಬೈಹುಲ್ಲು, ಹಾಳೆ ಬೇಕಾದ್ರೆ ನಮ್ಮ ಮನೆಯಲ್ಲಿ ಉಂಟು, ಮಗಳ ಶಾಲೆಗೆ ಈ ವಾರವೇ ಒಂದು ಕಟ್ಟು ತಂದು ಕೊಡ್ತೇನೆ, ಅತ್ತೆಯೂ ಬರ್ತೇನೆ ಅಂತ ಹೇಳಿದ್ದಾರೆ.

– ಒಬ್ಬ ತಾಯಿ, ಕಾಪು