ಮಾಲ್ಟಾ ಪ್ರವಾಸ: ಹಣ ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಮಾನ್ಯ ಸಂಪಾದಕರೇ,

ನಗರದ ಪ್ರವಾಸ ಏಜೆನ್ಸಿಯೊಂದು ದಸರಾ ರಜೆಗೆಂದು ಹಂಚುತ್ತಿರುವ, ಮೆಡಿಟರೇನಿಯನ್ ಸಮುದ್ರದ ದ್ವೀಪರಾಷ್ಟ್ರ ಮಾಲ್ಟಾದ ಪ್ರವಾಸದ ಕರಪತ್ರದಲ್ಲಿ, ಸಮುದ್ರದೊಳಗೆ ಕಮಾನಿನಂತೆ ನಿಂತ ಬೃಹತ್ ಬಂಡೆಯ ಚಿತ್ರವನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿಸಲಾಗಿದೆ. ಗೋಜೋ ದ್ವೀಪದ ಅಂಚಿನಲ್ಲಿದ್ದ, ‘ಅಜೂರ್ ವಿಂಡೋ’ ಎಂದು ಹೆಸರಾಗಿದ್ದ ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರದ ಪಾಲಾಗಿದೆ. ಇಲ್ಲದ ಬಂಡೆಯನ್ನು ತೋರಿಸಿ ಮುಂಗಡ ಪಡೆಯುವವರು ಅಗತ್ಯದ ಮಾಹಿತಿಯನ್ನು ಎಷ್ಟರಮಟ್ಟಿಗೆ ಕೊಟ್ಟಾರು ಎಂಬ ಅನುಮಾನದಿಂದ, ಹೊರಡುವ ಯೋಚನೆಯಲ್ಲಿರುವ ಓದುಗರ ಗಮನಕ್ಕೆ ಕೆಲವು ವಿಷಯಗಳನ್ನು ತರಲು ಬಯಸುತ್ತೇನೆ.

ಮಾಲ್ಟಾ 2007ರ ಡಿಸೆಂಬರ್‌ನಿಂದ ಷೆಂಗೆನ್ ವ್ಯವಸ್ಥೆಯಲ್ಲಿದೆ, ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟದಲ್ಲಿದೆ. ಆದ್ದರಿಂದ ನಮಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, ಕೊನೆಯ ಪಕ್ಷ ಹದಿನೈದು ದಿನ ಮುಂಚೆಯಾದರೂ ಹಾಕಿರಬೇಕು. ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಕೊಂಡು, ವೀಸಾವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವವರಿಗೆ ಇದು ಮೊದಲ ಎಚ್ಚರಿಕೆ. ಹೆಚ್ಚು ದಿನ ತಂಗುವುದು ಮಾಲ್ಟಾದಲ್ಲಿ ಎಂದಾದರೆ ಅರ್ಜಿಯೂ ಮಾಲ್ಟಾಕ್ಕೇ ಹೋಗಬೇಕು. ಬೇರೆ ದೇಶದ ಮೂಲಕ ಬೇಗ ಕೊಡಿಸುತ್ತೇವೆ ಎನ್ನುವವರನ್ನು ನಂಬಬಾರದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆದರೆ ಅದು ವೀಸಾ ಕಚೇರಿಯ ಷರತ್ತು ಮಾತ್ರ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವವರು, ಮೊದಲೇ ಇರುವ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ತಾವೇ ಓದಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕಾಲದ ಮಟ್ಟಿಗೆ ಏಜೆನ್ಸಿಯ ಆಯ್ಕೆ ಸರಿಯಾಗಿಯೇ ಇದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಸುಣ್ಣಕಲ್ಲಿನ ಬೀದಿಗಳಲ್ಲಿ ಮಧ್ಯಾಹ್ನ ನಡೆಯುವುದು ಕಷ್ಟ; ಅಕ್ಟೋಬರ್‌ನಲ್ಲಿ ಬಿಸಿಲಿನ ಝಳ ಇಳಿದಿದ್ದರೂ ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ. ಜಂಬೂಸವಾರಿ ಬಿಟ್ಟು ಹೋಗಲು ಮೈಸೂರಿನವರಿಗೆ ಮನಸ್ಸು ಬರಬೇಕಷ್ಟೆ. ಆ ಹೊತ್ತಿಗೆ ಮಳೆಗಾಳಿಯೂ ಶುರುವಾಗುವುದರಿಂದ ಕೊಮಿನೋ ದ್ವೀಪಕ್ಕೆ ಹೋಗುವ ಸಣ್ಣ ದೋಣಿಗಳು ಒಮ್ಮೊಮ್ಮೆ ನಿಂತುಬಿಡುತ್ತವೆ. ಹಾಗಾಗಿ ದೋಣಿ ಪ್ರಯಾಣವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಕೆಂಪು ಬಾವುಟ ಹಾರಿಸಿರುವ ಕಡೆ ಈಜು ಬಲ್ಲವರೂ ನೀರಿಗಿಳಿಯಬಾರದು. ಅಲ್ಲಿನ ದಡ ಬಹುಪಾಲು ಮರಳಿನದಲ್ಲ, ಪಾಚಿ ಕಟ್ಟಿ ಜಾರುವ ಬಂಡೆಯದು.

ಇನ್ನು ಚಿಕ್ಕದಾದರೂ ಎಲ್ಲರನ್ನೂ ಕಾಡುವ ವಿಷಯವೊಂದಿದೆ. ನಮ್ಮ ಅಂಗಡಿಗಳಲ್ಲಿ ‘ಯೂರೋಪ್ ಅಡಾಪ್ಟರ್’ ಎಂದು ಮಾರುವುದು ಎರಡು ದುಂಡು ಪಿನ್ನಿನದು. 1964ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಾಲ್ಟಾದ ಗೋಡೆಗಳಲ್ಲಿರುವುದು ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಸಾಕೆಟ್. ಅದಕ್ಕೆ ಆ ಅಡಾಪ್ಟರೂ ಕೂರದು, ನಮ್ಮ ಪ್ಲಗ್ಗೂ ಕೂರದು. ಇಲ್ಲಿಂದಲೇ ಬ್ರಿಟನ್ ಮಾದರಿಯದನ್ನು ಕೊಂಡೊಯ್ಯಬೇಕು. ಅದೇ ಆಳ್ವಿಕೆಯ ಫಲವಾಗಿ ವಾಹನಗಳು ನಮ್ಮಂತೆ ಎಡಬದಿಯಲ್ಲೇ ಓಡುತ್ತವೆ, ಇಂಗ್ಲಿಷ್ ಕೂಡ ಅಧಿಕೃತ ಭಾಷೆಯಾಗಿದೆ.

ಸಸ್ಯಾಹಾರಿಗಳು ಬೀದಿ ಬದಿಯಲ್ಲಿ ಸಿಗುವ ‘ಪಸ್ತಿತ್ಸಿ’ ಎಂಬ ಪದರ ಪದರದ ತಿಂಡಿಯನ್ನು ಕೇಳಿಯೇ ತಿನ್ನಬೇಕು. ಒಳಗಿನ ಹೂರಣ ಬಟಾಣಿಯದೋ ಚೀಸಿನದೋ ಆಗಿದ್ದರೂ, ಹೊರಗಿನ ಪದರಗಳಿಗೆ ಹಂದಿಯ ಕೊಬ್ಬು ಬಳಸುವುದುಂಟು. ನದಿಯೇ ಇಲ್ಲದ ಆ ನಾಡಿನಲ್ಲಿ ಕುಡಿಯುವ ನೀರಿನ ಬಹುಭಾಗವನ್ನು ಸಮುದ್ರದ ನೀರಿನಿಂದ ಉಪ್ಪು ತೆಗೆದು ಪಡೆಯುತ್ತಾರೆ. ನಲ್ಲಿ ನೀರು ಸುರಕ್ಷಿತವೇ, ಆದರೆ ಕಾವೇರಿಯ ರುಚಿಗೆ ಒಗ್ಗಿದ ನಾಲಿಗೆಗೆ ಹಿಡಿಸುವುದು ಅನುಮಾನ. ರಾಜಧಾನಿ ವಲೆಟ್ಟಾದ ಸೇಂಟ್ ಜಾನ್ ಚರ್ಚಿನ ನೆಲವೆಲ್ಲ ಅಮೃತಶಿಲೆಯ ಸಮಾಧಿ ಫಲಕಗಳಿಂದ ಕೂಡಿರುವುದರಿಂದ ಮೊನೆ ಹಿಮ್ಮಡಿಯ ಚಪ್ಪಲಿಗೆ ಅಲ್ಲಿ ಪ್ರವೇಶವಿಲ್ಲ. ಭುಜ, ಮೊಣಕಾಲು ಮುಚ್ಚುವ ಉಡುಪೂ ಬೇಕು.

ಕಡೆಯದಾಗಿ, ಬಂಡೆಯನ್ನು ಕೊರೆದು ನೆಲದಡಿ ನಿರ್ಮಿಸಿದ, ಐದು ಸಾವಿರ ವರ್ಷಕ್ಕೂ ಹಳೆಯದಾದ ಹಾಲ್ ಸಫ್ಲಿಯೆನಿ ಹೈಪೋಜಿಯಂ ಎಂಬ ಸಮಾಧಿ ತಾಣವನ್ನು ನೋಡಬೇಕೆನ್ನುವವರು ಕೆಲವು ವಾರ ಮೊದಲೇ ಟಿಕೆಟ್ ಕಾಯ್ದಿರಿಸಬೇಕು. ಜನರ ಉಸಿರಿನ ತೇವದಿಂದ ಒಳಗಿನ ಚಿತ್ತಾರ ಕೆಡುವುದೆಂದು ಒಂದು ಸಲಕ್ಕೆ ಹತ್ತೇ ಮಂದಿಯನ್ನು ಬಿಡುತ್ತಾರೆ. ‘ಸ್ಥಳೀಯ ದರ್ಶನ’ ಎಂದಷ್ಟೇ ಬರೆದಿರುವ ಕರಪತ್ರದಲ್ಲಿ ಈ ಟಿಕೆಟ್ಟೂ ಗೋಜೋ ಹಡಗಿನ ಶುಲ್ಕವೂ ಸೇರಿವೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.

ಇತಿ,
ಓದುಗ, ಸರಸ್ವತಿಪುರಂ, ಮೈಸೂರು