ಸುಮ್ಮನಾದ ಫೋನಿನ ಬಗ್ಗೆ

ಮಗಳೇ, ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನಗಳಾದವು. ಲೆಕ್ಕದ ವಿಷಯ, ಗೋದಾಮಿನ ವಿಷಯ ಎಲ್ಲವನ್ನೂ ಓದಿದೆ. ಅವನ್ನೆಲ್ಲ ನೀನು ನನಗಿಂತ ಚೆನ್ನಾಗಿ ನಿಭಾಯಿಸುತ್ತೀಯೆ. ಕೊನೆಯ ಪುಟದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: ‘ಮಾವ, ಈಗ ಫೋನ್ ಬರುವುದೇ ನಿಂತುಹೋಗಿದೆ, ಹಳೆಯ ಗ್ರಾಹಕರು ನನ್ನನ್ನು ಮರೆತುಬಿಟ್ಟರೇನೋ.’ ಆ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೀಯೆ. ಹೊಡೆದುಹಾಕಿದ ಗುರುತನ್ನು ನೋಡಿಯೇ ನನಗೆ ನಿದ್ದೆ ಬರಲಿಲ್ಲ.

ಫೋನ್ ಸುಮ್ಮನಿದ್ದರೆ ಜನ ಮರೆತರು ಎಂದು ನಾನೂ ಒಮ್ಮೆ ನಂಬಿದ್ದೆ. ಆ ನಂಬಿಕೆಯಿಂದ ಏನಾಯಿತು ಎಂಬುದನ್ನು ನಿನ್ನ ತಾಯಿಗೂ ಹೇಳಿಲ್ಲ.

ಪಂಪುಗಳ ಬಿಡಿಭಾಗ ಮಾರುತ್ತಿದ್ದಾಗ ನನಗೊಬ್ಬರು ಗ್ರಾಹಕರಿದ್ದರು. ಹನ್ನೊಂದು ವರ್ಷ, ಹದಿನೈದು ದಿನಕ್ಕೊಮ್ಮೆ ಅವರ ಫೋನ್ ಬರುತ್ತಿತ್ತು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ಕೆಮ್ಮಿನಲ್ಲೇ ಗುರುತಾಗುತ್ತಿತ್ತು. ಒಂದು ತಿಂಗಳು ಫೋನ್ ಬರಲಿಲ್ಲ, ಮುಂದಿನ ತಿಂಗಳೂ ಇಲ್ಲ. ಯಾರೋ ಕಡಿಮೆ ದರಕ್ಕೆ ಕೊಟ್ಟಿರಬೇಕು, ನನ್ನನ್ನು ಮರೆತರು ಎಂದುಕೊಂಡೆ. ನಾನೇ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅಭಿಮಾನ ಅಡ್ಡ ಬಂತು.

ನಾಲ್ಕು ವರ್ಷಗಳ ನಂತರ ರೈಲಿನಲ್ಲಿ ಎದುರಾದರು. ಅವರೇ ಮೊದಲು ಮಾತನಾಡಿಸಿದರು: ‘ಮೂರು ಸಲ ಬರೆದೆನಲ್ಲ, ನೀವು ಒಂದಕ್ಕೂ ಉತ್ತರಿಸಲಿಲ್ಲ. ನಿಮಗೆ ನಾವು ಬೇಡವಾದೆವು ಎಂದುಕೊಂಡೆ.’ ಅವರ ಕಚೇರಿಯಲ್ಲಿ ಖರೀದಿಯೆಲ್ಲ ಇಮೇಲಿನಲ್ಲೇ ನಡೆಯಬೇಕೆಂದು ನಿಯಮವಾಗಿತ್ತಂತೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಇಮೇಲ್ ವಿಳಾಸ ಅಚ್ಚಾಗಿತ್ತು. ಎಲ್ಲರೂ ಹಾಕಿಸುತ್ತಾರೆಂದು ನಾನೂ ಹಾಕಿಸಿದ್ದೆ. ಅದನ್ನು ತೆರೆದುಕೊಟ್ಟ ಹುಡುಗ ಕೆಲಸ ಬಿಟ್ಟು ಹೋದಾಗ ಪಾಸ್‌ವರ್ಡ್ ಕೂಡ ಅವನ ಜೊತೆಗೇ ಹೋಗಿತ್ತು. ಅವರು ಮರೆತಿರಲಿಲ್ಲ, ಮಗಳೇ. ಮೂರು ಸಲ ಬಾಗಿಲು ತಟ್ಟಿದ್ದರು. ನಾನು ಇನ್ನೊಂದು ಬಾಗಿಲ ಬಳಿ ಕುಳಿತು ಅವರನ್ನು ಕಾಯುತ್ತಿದ್ದೆ.

ಇಮೇಲ್ ಆಗ ಹೊಸ ವಸ್ತುವೂ ಆಗಿರಲಿಲ್ಲ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸಿದ್ದು 1971ರಲ್ಲಿ. ಮೊಬೈಲಿಗೆ ಮೊದಲ ಕಿರುಸಂದೇಶ ಹೋದದ್ದು 1992ರ ಡಿಸೆಂಬರ್ 3ರಂದು, ಕ್ರಿಸ್‌ಮಸ್ ಶುಭಾಶಯ. ಅದನ್ನು ಪಡೆದವರು ಓದಬಹುದಿತ್ತಷ್ಟೆ. ಉತ್ತರ ಬರೆಯುವ ಸೌಲಭ್ಯವೇ ಆ ಫೋನಿನಲ್ಲಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಮೂರು ಪತ್ರಗಳು ನೆನಪಾಗುತ್ತವೆ. ಆ ಫೋನಿಗೆ ಉತ್ತರಿಸದಿರಲು ಕಾರಣವಿತ್ತು, ನನಗಿರಲಿಲ್ಲ.

ಆದ್ದರಿಂದ ‘ಮರೆತರೇನೋ’ ಎಂದು ನೀನು ಬರೆದಾಗ ನನ್ನ ಎದೆ ನಡುಗಿತು. ಕೆಲವರು ನಿಜಕ್ಕೂ ಬಿಟ್ಟು ಹೋಗಿರಬಹುದು, ಸುಳ್ಳು ಧೈರ್ಯ ಹೇಳಲಾರೆ. ಆದರೆ ಫೋನ್ ಮಾಡಿದರೆ ಇಬ್ಬರೂ ಒಂದೇ ಗಳಿಗೆಯಲ್ಲಿ ಬಿಡುವಾಗಿರಬೇಕು, ಬರೆದದ್ದಾದರೆ ಕಾಯುತ್ತದೆ. ಎಷ್ಟು ಮಾಲು, ಯಾವ ದರ ಎಂಬುದಕ್ಕೆ ಸಾಕ್ಷಿಯೂ ಉಳಿಯುತ್ತದೆ. ಜನ ಬರೆಯತೊಡಗಿದ್ದು ನಿನ್ನ ಮೇಲಿನ ಬೇಸರದಿಂದ ಎಂದುಕೊಳ್ಳಬೇಡ.

ನಾನು ಹೇಳುವ ಉಪಾಯಗಳು ಹಳೆಯವಾಗಿರಬಹುದು, ಬೇಡವಾದರೆ ಬಿಟ್ಟುಬಿಡು. ಸಂದೇಶ ನೋಡುವ ಕೆಲಸವನ್ನು ‘ಎಲ್ಲರೂ ನೋಡಿಕೊಳ್ಳಿ’ ಎನ್ನದೆ ಒಬ್ಬರಿಗೆ ವಹಿಸು. ಅವರ ಸ್ವಂತ ನಂಬರಿನಿಂದ ಮಾತ್ರ ವ್ಯವಹಾರ ನಡೆಯಬಾರದು, ಅವರು ಹೋದ ದಿನ ಗ್ರಾಹಕರೂ ಹೋಗುತ್ತಾರೆ. ತಕ್ಷಣ ಉತ್ತರ ಗೊತ್ತಿಲ್ಲದಿದ್ದರೆ ‘ನೋಡಿದೆ, ಸಂಜೆ ತಿಳಿಸುತ್ತೇನೆ’ ಎಂದಷ್ಟಾದರೂ ಬರೆಯಲಿ. ದೊಡ್ಡ ಸಂಸ್ಥೆಗಳು ಬಳಸುವ ವಾಟ್ಸ್‌ಆ್ಯಪ್ ವ್ಯವಸ್ಥೆಯಲ್ಲಿ ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆಗಳವರೆಗೆ ಮಾತ್ರ ಮನಬಂದಂತೆ ಬರೆಯಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಮಾದರಿ ಸಂದೇಶಗಳನ್ನಷ್ಟೇ ಕಳುಹಿಸಬಹುದು. ನೀನು ಆ ವ್ಯವಸ್ಥೆಗೆ ಹೋಗದಿದ್ದರೂ ಒಂದು ದಿನವೆಂಬ ಗಡುವನ್ನು ನೀನೇ ಹಾಕಿಕೊಳ್ಳಬಹುದೇನೋ.

ಹೆಸರು, ನಂಬರುಗಳ ಪಟ್ಟಿ ನಿನ್ನ ಸ್ವಂತ ಪುಸ್ತಕದಲ್ಲಿರಲಿ. ಆ್ಯಪ್ ಮುಚ್ಚಿದರೆ ಅದರಲ್ಲಿದ್ದ ಪಟ್ಟಿಯೂ ಹೋಗುತ್ತದೆ. ಸಂದೇಶ ಕಳುಹಿಸುವ ಆ್ಯಪ್‌ಗಳಲ್ಲಿ ಒಂದು ಕಾಲಕ್ಕೆ ಅಷ್ಟು ಹೆಸರು ಮಾಡಿದ್ದ ಬ್ಲ್ಯಾಕ್‌ಬೆರಿ ಮೆಸೆಂಜರ್ ಸಾಮಾನ್ಯ ಬಳಕೆದಾರರಿಗೆ 2019ರ ಮೇ 31ರಂದು ಮುಚ್ಚಿಹೋಯಿತು.

ಆ ರೈಲಿನ ಭೇಟಿಯ ನಂತರ ನಾನು ಇನ್ನೊಂದು ತುದಿಗೆ ಓಡಿದ್ದನ್ನೂ ಹೇಳಬೇಕು. ಕಚೇರಿಯ ಫೋನಿಗೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಧ್ವನಿ ಹಾಕಿಸಿದೆ. ಯಂತ್ರ ನಿಂತುಹೋಗಿ ಗಾಬರಿಯಾದವರೊಬ್ಬರು ಅಂಕಿಗಳನ್ನು ಒತ್ತಿ ಒತ್ತಿ ಕಡೆಗೆ ಫೋನ್ ಇಟ್ಟುಬಿಟ್ಟರು. ಮಾಲು ಕೆಟ್ಟಾಗ, ಹಣದ ವಿಷಯದಲ್ಲಿ ಮನಸ್ತಾಪವಾದಾಗ ಬರೆಯುತ್ತಾ ಕೂರಬೇಡ, ನೀನೇ ಫೋನ್ ಮಾಡು. ಅವರ ಫೋನ್ ಬರಲಿ ಎಂದು ನನ್ನಂತೆ ಕಾಯಬೇಡ.

ಇನ್ನೊಂದೇ ಮಾತು. ಇಂದು ರಾತ್ರಿ ನಿನ್ನ ಇಮೇಲ್, ಸಂದೇಶ, ಜಾಹೀರಾತಿನ ಕೆಳಗೆ ಬಂದ ಪ್ರಶ್ನೆಗಳು, ಎಲ್ಲವನ್ನೂ ಒಮ್ಮೆ ತೆರೆದು ನೋಡು. ಬೇಡದ ಇಮೇಲ್‌ಗಳು ಹೋಗಿ ಬೀಳುವ ಸ್ಪ್ಯಾಮ್ ಪೆಟ್ಟಿಗೆಯನ್ನೂ ಬಿಡಬೇಡ. ನೀನು ಮರೆತರೆಂದುಕೊಂಡವರ ಹೆಸರು ಅಲ್ಲಿ ಸಿಕ್ಕಿದರೆ, ಎಷ್ಟೇ ತಡವಾಗಿದ್ದರೂ ಉತ್ತರಿಸು. ಸಿಕ್ಕಿತೋ ಇಲ್ಲವೋ ನನಗೂ ತಿಳಿಸು. ಸಂದೇಶ ಕಳುಹಿಸಿದರೂ ಸಾಕು, ಈಗ ದಿನವೂ ನೋಡುತ್ತೇನೆ.

ನಿನ್ನ ಮಾವ